ಸಹಿಯ ಜಾಗ ಬಿಟ್ಟು

ಆರೂವರೆ ಬಸ್ಸಿಗೆ ಶಿಡ್ಲಘಟ್ಟ ಬಿಡುತ್ತೇನೆ.
ಬೆಂದ ಗೂಡಿನ ವಾಸನೆ ದುಪಟ್ಟಾದಲ್ಲಿ ಕೂತು
ಟಿಕೆಟ್ಟಿಲ್ಲದೆ ಚಿಕ್ಕಬಳ್ಳಾಪುರದವರೆಗೂ ಬರುತ್ತದೆ.
ಬಿಳಿ ಕೋಟು ತೊಟ್ಟ ಮೇಲೂ
ಮೂಗಿರುವವರಿಗೆ ಗೊತ್ತಾಗುತ್ತದೆ ನಾನು ಯಾವ ಊರವಳು.

ಎದೆಯ ಮೇಲೆ ಬಿಲ್ಲೆ: ಮುಬೀನ ತಾಜ್, ಪಿ.ಎ., ಮೂರನೇ ವರ್ಷ.
"ಪಿ.ಎ. ಅಂದ್ರೆ ಎಮ್ಮೆಲ್ಲೆ ಹಿಂದೆ
ಬ್ಯಾಗ್ ಹಿಡ್ಕೊಂಡು ಓಡಾಡ್ತಾರಲ್ಲ, ಅದಾ?"
ಅಂದರು ಕಾಲು ಊದಿಸಿಕೊಂಡು ಬಂದ ದ್ಯಾವಪ್ಪ.
ಅಲ್ಲ ಅಂದೆ. ಡಾಕ್ಟರಮ್ಮನಾ? ಅಲ್ಲ. ನರ್ಸಮ್ಮನಾ? ಅದೂ ಅಲ್ಲ.
"ಮತ್ತೆ ಯಾರವ್ವಾ ನೀನು" ಅನ್ನುತ್ತಲೇ ಕಾಲು ಚಾಚಿದರು.
ಹೆಬ್ಬೆರಳಲ್ಲಿ ಒತ್ತಿದೆ. ಗುಳಿ ಬಿತ್ತು.
ಹತ್ತು ಎಣಿಸಿದೆ. ಗುಳಿ ಹಾಗೇ ಇತ್ತು.
ಕೇಳಿದ್ದು ಅಲ್ಲಿಗೇ ಮರೆತುಹೋಯಿತು, ಇಬ್ಬರಿಗೂ.

ಕೇಳುವುದು ತೆಲುಗಿನಲ್ಲಿ: ನೊಪ್ಪಿ ಎಪ್ಪಟ್ನಿಂಚಿ?
ಇಲ್ಲವೇ ಮನೆಮಾತಿನಲ್ಲಿ: ಕಬ್ ಸೆ ದುಖ್ರಾ?
ಲೆಕ್ಕ ಹಾಕುವುದು ಕನ್ನಡದಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ,
ಒಪ್ಪಿಸುವುದು ನಡುಗುತ್ತ, ಡಾಕ್ಟರ್ ಅಶ್ವತ್ಥರೆಡ್ಡಿಯವರ ಎದುರು.

ಬಾಗೇಪಲ್ಲಿ ಕಡೆಯ ಪಿಳ್ಳಮ್ಮ ಕತ್ತು ತಿರುಗಿಸಲಾರರು;
ಇಡೀ ಮೈಯನ್ನೇ ತಿರುಗಿಸಿ ನನ್ನ ನೋಡಿದರು.
ಎಷ್ಟು ದಿನದಿಂದ?
"ಊರಿಗೆ ಬೋರು ಕೊರೆದಾಗಿಂದ."
ಯಾವಾಗ ಕೊರೆದರು?
"ನಮ್ಮ ಕೆಂದ ಹಸ ಎರಡನೇ ಕರ ಹಾಕಿದ ವರ್ಷ."
ಜೊತೆಗೆ ಬಂದ ಮೊಮ್ಮಗಳು ಬಾಯಿಗೆ ಕೈ ಹಿಡಿದು ನಕ್ಕಳು,
ಬೆರಳ ಸಂದಿಯಲ್ಲಿ ಕಂದು ಗೆರೆಯ ಹಲ್ಲು.
ಫಾರಮಿನಲ್ಲಿ ಇದ್ದದ್ದು ಒಂದಂಗುಲ ಜಾಗ.
ಬೋರು, ಹಸು, ಕರು, ಹಲ್ಲು, ಎಲ್ಲ ಬರೆದೆ ಅಂಚಿಗೂ ಹತ್ತಿಸಿ.
ಡಾಕ್ಟರು ಓದಿ ಕನ್ನಡಕ ತೆಗೆದರು:
"ಇದು ಕಥೆ ಕಣಮ್ಮ. ಕೇಸ್ ಶೀಟ್ ಬರ್ಕೊಂಡು ಬಾ."
ಉದ್ದಕ್ಕೂ ಹೊಡೆದು ಹಾಕಿದರು. ಒಂದೇ ಪದಕ್ಕೆ ಮಾತ್ರ
ಸುತ್ತ ಗೆರೆ ಎಳೆದರು: ಬೋರು.

ರಾತ್ರಿ ಬಾಳೆಹಣ್ಣಿನ ಸಿಪ್ಪೆ ಸೀಳಿ ಹೊಲಿಗೆ ಕಲಿಯುತ್ತೇನೆ.
ಅಮ್ಮಿ ನೋಡುತ್ತಾಳೆ. ಇಪ್ಪತ್ತಾರು ವರ್ಷ
ಕುದಿನೀರಿನಿಂದ ಎಳೆಯ ತುದಿ ಹುಡುಕಿ ತೆಗೆದವಳು,
ಕಣ್ಣಿಗೆ ಕಾಣದ್ದಕ್ಕೂ ಗಂಟು ಹಾಕಬಲ್ಲವಳು.
"ಎಳೀಬೇಡ. ಹಿಡ್ಕೊ ಸಾಕು. ಅದೇ ಬರುತ್ತೆ."
ಅಷ್ಟರಲ್ಲಿ ನನ್ನ ಮೂರನೇ ಸಿಪ್ಪೆ ಹರಿದಿತ್ತು.
ಹಣ್ಣು ತಮ್ಮ ತಿಂದ.

ಹೆಸರು ಬರೆಯುತ್ತೇನೆ, ನಾಡಿ, ಬಿಪಿ, ಉಸಿರು,
ಮನೆಗೆ ಹೋಗುವಾಗಿನ ಚೀಟಿಯನ್ನೂ ಬರೆಯುತ್ತೇನೆ.
ಕೊನೆಯ ಗೆರೆ ಮಾತ್ರ ಖಾಲಿ ಬಿಡಬೇಕು.
ಮೊದಮೊದಲು ಅಲ್ಲಿ ಉರಿಯುತ್ತಿತ್ತು.
ಈಗ, ನಿಜ ಹೇಳಬೇಕೆಂದರೆ, ಕೆಲವು ದಿನ ಮಾತ್ರ.

ಒಂದು ರಾತ್ರಿ ತಮಾಷೆಗೆ ಅಮ್ಮಿಯ ಬೆನ್ನಿಗೆ ಸ್ಟೆತೊಸ್ಕೋಪು ಇಟ್ಟೆ.
ಉಸಿರು ಬಿಡುವಾಗ ಸಣ್ಣ ಸಿಳ್ಳೆ,
ಯಾರೋ ದೂರದಲ್ಲಿ ಚರಕ ನಿಲ್ಲಿಸಲು ಮರೆತ ಹಾಗೆ.
ಅದರ ಹೆಸರು ನನಗೆ ಗೊತ್ತು. ಔಷಧಿಯದೂ ಗೊತ್ತು.
"ನಾಳೆ ನನ್ನ ಜೊತೆ ಬಸ್ಸಿಗೆ ಬಾ."
"ನಾಳೆ ಗೂಡು ಬರುತ್ತೆ."
ನಾಡಿದ್ದು ಅಂದೆ.
ಹದಿನೇಳು ದಿನ ಕಳೆದು ಬಂದಳು.

ಕೌಂಟರಿನ ಯಂತ್ರ ಅವಳ ಹೆಬ್ಬೆಟ್ಟು ಒಪ್ಪಲಿಲ್ಲ.
ಸೆರಗಿಗೆ ಒರೆಸಿ ಇಟ್ಟಳು. ಎಡಗೈಯದು ಇಟ್ಟಳು.
ಬಿಸಿನೀರು ಗೆರೆಗಳನ್ನೆಲ್ಲ ಬಿಚ್ಚಿಕೊಂಡು ಹೋಗಿತ್ತು.
ಕೊನೆಗೆ ಚೀಟಿಯವನು ಕೈಯಲ್ಲೇ ಬರೆದುಕೊಟ್ಟ.

ಕೋಟು ತೊಟ್ಟು, ಪ್ಯಾಡು ಹಿಡಿದು, ಎದುರು ಕೂತೆ.
ಹೆಸರು?
"ನಿಂಗೊತ್ತಿಲ್ವಾ?"
ಹೇಳು ಅಮ್ಮಿ, ಕೇಳಬೇಕು.
"ದಿಲ್ಶಾದ್ ಬೀ."
ವಯಸ್ಸು?
"ನಲವತ್ತೆಂಟು ಅಂತ ಬರ್ಕೊ."
ಎಷ್ಟು ದಿನದಿಂದ?
ಅಮ್ಮಿ ಮುಂದೆ ಬಾಗಿ ನನ್ನ ಕೋಟಿನ ಗುಂಡಿ ಸರಿಮಾಡಿದಳು.
"ನೀನು ಹೊಟ್ಟೇಲಿದ್ದಾಗಿಂದ."

ಬರೆದೆ. ಅಂಚಿಗೂ ಹತ್ತಿಸಿ,
ಕೊನೆಯ ಗೆರೆಯೊಂದನ್ನು ಬಿಟ್ಟು.